ಕೈಯಾಗ ಒಂದು

ಬಾಕ್ಸಿಗೆ ನಾಕು ಟೈಲ್ಸು, ಎರಡಡಿಗೆ ಎರಡಡಿ,
ಚದರಡಿಗೆ ಐವತ್ತೆರಡು, ಅಂದ ಅಂಗಡಿಯವ.
ನಾನು ಮೊಬೈಲ್ ತಗದು ಗುಣಿಸೂದರಾಗ
ಅತ್ತಿ ಅಂದರು:
ಹದಿನಾರೈವತ್ತಲೆ ಎಂಟುನೂರು,
ಹದಿನಾರೆರಡಲೆ ಮೂವತ್ತೆರಡು,
ಬಾಕ್ಸಿಗೆ ಎಂಟುನೂರಾ ಮೂವತ್ತೆರಡು.
ಸೆರಗಿನ ಗಂಟು ಇನ್ನೂ ಬಿಚ್ಚಿರಲಿಲ್ಲ.

ಮೂರನೇತ್ತಕ್ಕ ಸಾಲಿ ಬಿಟ್ಟವರು,
ಪಾವಕಿ ದೀಡಕಿ ಬಾಯಿಪಾಠ.
ನಾನು ಬಿಎಡ್ ಮಾಡಿದಾಕಿ,
ಹುಡುಗರಿಗೆ ಕ್ಷೇತ್ರಫಲ ಕಲಿಸೂವಾಕಿ,
ಸುಮ್ಮನ ಮೊಬೈಲ್ ಒಳಗಿಟ್ಟೆ.

ಅಡಿಗಿ ಮನಿ ಹತ್ತೆಂಟಲೆ ಎಂಬತ್ತು.
ಇಪ್ಪತ್ತು ಟೈಲ್ಸು, ಐದು ಬಾಕ್ಸು. ಲೆಕ್ಕ ಮುಗೀತು.
ಗೌಂಡಿ ದಾವಲಸಾಬ ಬಂದು
ಮೂರು ನಾಕು ಐದಕ್ಕ ಗಂಟು ಹಾಕಿದ ಹಗ್ಗ ಹಿಡದು
ಮೂಲ್ಯಾಗ ಕುಂತ. ಹಗ್ಗ ಕೂಡಲಿಲ್ಲ.
"ಟೀಚರ್, ನಿಮ್ಮನಿ ಕಾಟಕೋನ ಇಲ್ರಿ."
ಆ ಕಡೆ ಗ್ವಾಡಿ ಹತ್ತಡಿ,
ಈ ಕಡೆ ಒಂಬತ್ತಡಿ ಎಂಟಿಂಚು.
ಮಾವನವರು ಕಟ್ಟಿಸಿದ್ದು.
ಮೂವತ್ತು ವರ್ಷ ಆ ನಾಕಿಂಚಿನ ಸೊಟ್ಟಿನಾಗ
ಬ್ಯಾಳಿ ಕುದ್ದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

"ಆರು ಬಾಕ್ಸು ತರ್ರಿ, ಕೊಯ್ಯೂವಾಗ ಒಡೀತಾವ."
ಜಾಗಾ ಕಡಿಮಿ, ಟೈಲ್ಸು ಜಾಸ್ತಿ.
ಪುಸ್ತಕದಾಗ ಇಂಥಾ ಲೆಕ್ಕ ಇಲ್ಲ.
ಮತ್ತೊಂದು ಎಂಟುನೂರಾ ಮೂವತ್ತೆರಡು ಎಲ್ಲಿಂದ ತರೂದು?
ಇವರ ಚಪ್ಪಲಿ ಮುಂದಿನ ತಿಂಗಳಿಗೆ ಹೋತು, ನಾನೂರು.
ದಿನಾ ಅರ್ಧ ಲೀಟರ್ ಹಾಲು ಬಿಟ್ಟರ
ಇಪ್ಪತ್ತನಾಕು ಹದಿನೆಂಟಲೆ ನಾನೂರಾ ಮೂವತ್ತೆರಡು.
ಹದಿನೆಂಟು ದಿನ ಕರೀ ಚಾ.

ಆ ಹದಿನೆಂಟು ದಿನದಾಗೇ
ನನಗ ಗಣತಿ ಕೆಲಸ ಹತ್ತಿತು.
ಬೆಟಗೇರಿಯ ನೇಕಾರ ಓಣಿ, ನೂರಾ ನಲವತ್ತೆರಡು ಮನಿ.
ಮಗ್ಗದ ಸಪ್ಪಳಕ್ಕ ಕೂಗಿ ಕೇಳಬೇಕು,
ಅವರೂ ಕೂಗಿ ಹೇಳಬೇಕು.
ತನ್ನ ವಯಸ್ಸು ಓಣಿಗೆಲ್ಲ ಕೇಳೂಹಂಗ ಒದರಿದಾಕಿ
ಸೆರಗು ಬಾಯಿಗಿಟಗೊಂಡು ನಕ್ಕಳು.

ಸಾವಂತ್ರೆವ್ವನ ಮನ್ಯಾಗ ಕೇಳಿದೆ: ಎಷ್ಟು ಮಂದಿ?
"ನಾಕೂವರಿ."
ಆಕಿ ನಗಲಿಲ್ಲ.
"ನಮ್ಮ ತಂಗಿ ಮಗ ಮೌನೇಶ.
ಮುಂಜಾನೆ ಊಟ ಕೆಳಗಿನ ಓಣಿ ಅಜ್ಜಿ ಕಡೆ,
ರಾತ್ರಿ ರೊಟ್ಟಿ ನಮ್ಮಲ್ಲಿ.
ಸೋಮವಾರ ಇಲ್ಲಿ ಮಲಗತಾನ, ಗುರುವಾರ ಅಲ್ಲಿ,
ಉಳದ ದಿನ ನಿದ್ದಿ ಬಂದಲ್ಲಿ."

ಫಾರ್ಮಿನಾಗ ಅರ್ಧಕ್ಕ ಖಾನೆ ಇಲ್ಲ.
ನಾಕು ಅಂತ ಬರದೆ.
ಅಲ್ಲಿ ಬರಸ್ಯಾರ, ಅಂದುಕೊಂಡೆ.

ಮೂರು ದಿನ ಬಿಟ್ಟು ಅಜ್ಜಿ ಮನಿ.
"ನಾನೊಬ್ಬಾಕಿ. ಹುಡುಗನ್ನ ಸಾವಂತ್ರಿ ಬರಸ್ಯಾಳ."
ಕರೆಂಟ್ ಹೋಗಿ ಮಗ್ಗ ನಿಂತಿದ್ದವು.
ಕೂಗೂ ಕಾರಣ ಇರಲಿಲ್ಲ,
ಆದರೂ ಏನೂ ಹೇಳಲಿಲ್ಲ ನಾನು.

ರಾತ್ರಿ ಅಡಿಗಿ ಮನಿ ಸಿಮೆಂಟ್ ಹಸೀ ಇತ್ತು.
ಪಡಸಾಲ್ಯಾಗ ಕುಂತು ಕೂಡಿಸಿದೆ:
ಆರುನೂರಾ ನಲವತ್ತೆರಡು ಮಂದಿ,
ನೂರಾ ನಲವತ್ತೆರಡರಿಂದ ಭಾಗಿಸಿದರ
ನಾಕು ಪಾಯಿಂಟ್ ಐದು ಎರಡು.
ಈ ಸರಾಸರಿ ಯಾರೂ ಕೇಳಿರಲಿಲ್ಲ. ನನ್ನ ಚಟ.
ಅತ್ತಿ ಮಗ್ಗಲಕ್ಕ ಕುಂತು ಹಾಳಿ ನೋಡಿದರು.
"ಎಂಟೂ ಏಳೂ ಹದಿನೈದು. ಐದು ಬರದಿ.
ಕೈಯಾಗಿನ ಒಂದು ಎಲ್ಲಿ?"
ಇತ್ತು. ಮ್ಯಾಲೆ ಸಣ್ಣಗ ಬರದಿದ್ದೆ,
ತೋರಿಸಿದೆ. ಹೂಂ ಅಂದು ಮಲಗಿದರು.
ನಾನು ಮಲಗಲಿಲ್ಲ.

ಮರುದಿನ ಸಾಲಿ ಗಂಟಿಗೆ ಮೊದಲ
ಸಾವಂತ್ರೆವ್ವನ ಬಾಗಲಾ ಬಡದೆ.
ವಯಸ್ಸು ಹನ್ನೊಂದು. ಸಂಬಂಧ, ತಂಗಿ ಮಗ.
ಹುಡುಗ ಹೊಚ್ಚಲದ ಮ್ಯಾಲೆ ನಿಂತು
ಮಾಗೆ ಔತ್ವ ಮೌ ಅಂತ
ತನ್ನ ಹೆಸರು ತಾನ ಬರಸಿದ.
ಆರುನೂರಾ ನಲವತ್ಮೂರು.
ದಶಮಾಂಶದ ಎರಡನೇ ಸ್ಥಾನದಾಗ
ಎರಡಿದ್ದದ್ದು ಮೂರಾತು.

ಇಪ್ಪತ್ನಾಕು ಟೈಲ್ಸಿನಾಗ ಇಪ್ಪತ್ತು ಕುಂತವು,
ಕೊಯ್ಯೂವಾಗ ಮೂರು ಸೀಳಿದವು.
ಉಳದ ಒಂದನ್ನ ಅತ್ತಿ ಒಲಿ ಮಗ್ಗಲಕ್ಕ ಇಟ್ಟಾರ,
ಕಾದ ಹಂಚು ಇಳಸಾಕ.
ಹತ್ತೊಂಬತ್ತನೇ ದಿನ ಹಾಲು ಬಂತು.
ಚಪ್ಪಲಿ ಇನ್ನೂ ಬಂದಿಲ್ಲ.